ಪುಟ್ಟಿಯ ಕಾಲಿನ ಕಡತ

ಕೆಲವರ ಮನೆಯಲ್ಲಿ ಕನ್ನಡಕ ಕಳೆಯುತ್ತಿರುತ್ತದೆ, ಕೆಲವರ ಮನೆಯಲ್ಲಿ ಬೀಗದ ಕೈ. ನಮ್ಮ ಮನೆಯಲ್ಲಿ ಕಳೆದ ಚಳಿಗಾಲವೆಲ್ಲ ಶೂ ಕಳೆಯುತ್ತಿತ್ತು, ಅದೂ ಕಾಲಿನಲ್ಲಿ ಇರುವಾಗಲೇ. ಒಂದು ಸಲ ಆದರೆ ಮರೆತುಬಿಡಬಹುದು. ವಾರಕ್ಕೆ ನಾಲ್ಕು ಸಲ ಆದರೆ ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ.

ಶೂ ಅಂದರೆ ನನ್ನದಲ್ಲ, ನನ್ನ ಮಗಳದು. ಅವಳಿಗೆ ಆಗ ಒಂದೂಮುಕ್ಕಾಲು ವರ್ಷ. ಶಾಸ್ತ್ರೋಕ್ತವಾಗಿ ಇಟ್ಟ ಉದ್ದನೆಯ ಹೆಸರೊಂದು ಇದೆ, ಆದರೆ ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ನಾನು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಹೆಂಡತಿ ಇನ್ನೊಂದು ಕಚೇರಿಯಲ್ಲಿ ಸ್ಟೆನೋ. ಮುನಿರ್ಕಾಕ್ಕೆ ಹತ್ತಿರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎರಡನೆಯ ಮಹಡಿಯ ಮನೆ. ಮಹಡಿಯ ಲೆಕ್ಕ ಯಾಕೆ ಹೇಳಿದೆನೆಂದರೆ, ಮುಂದೆ ಅಲ್ಲಿಂದ ಒಂದು ಶೂ ಕೆಳಗೆ ಬೀಳುತ್ತದೆ.

ಇನ್ನೊಂದು ಮಾತು. ಇಲ್ಲಿ ಬರುವ ಜನರಲ್ಲಿ ಹೆಚ್ಚಿನವರು ಮಾತಾಡಿದ್ದು ಹಿಂದಿಯಲ್ಲಿ. ಓದುವವರಿಗೆ ಸುಲಭವಾಗಲೆಂದು ನಾನು ಕನ್ನಡದಲ್ಲಿ ಹಾಕಿದ್ದೇನೆ.

೧. ಇಬ್ಬರೂ ಒಟ್ಟಿಗೆ ಬರಬೇಕು

ಹೆಂಡತಿಯ ಕಚೇರಿಯ ನೆಲಮಹಡಿಯಲ್ಲಿ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಶಿಶುಮಂದಿರ ಇದೆ. ಅದರಲ್ಲಿ ಎರಡು ಕೋಣೆ. ಒಂದು ಅಂಬೆಗಾಲಿಡುವವರಿಗೆ, ಇನ್ನೊಂದು ನಡೆಯುವವರಿಗೆ. ಅಂಬೆಗಾಲಿನ ಕೋಣೆ ಭರ್ತಿಯಾಗಿತ್ತು. ನಡೆಯುವವರ ಕೋಣೆಯಲ್ಲಿ ಒಂದೇ ಒಂದು ಜಾಗ ಇತ್ತು.

ಆದರೆ ಆ ಕೋಣೆಗೆ ಕಲ್ಲಿನ ನೆಲ. ದೆಹಲಿಯ ಜನವರಿಯಲ್ಲಿ ಆ ಕಲ್ಲನ್ನು ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ. ಹಿಂದೊಮ್ಮೆ ಯಾವುದೋ ಮಗು ಬರೀ ಕಾಲುಚೀಲದಲ್ಲಿ ಓಡಿ ಜಾರಿ ಬಿದ್ದಿತ್ತಂತೆ. ಅಂದಿನಿಂದ ಒಂದು ನಿಯಮ: ಮಗು ಶೂ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಬಾಗಿಲಿನಿಂದ ಎದುರಿನ ಕಿಟಕಿಯವರೆಗೆ ನಡೆದು ತೋರಿಸಬೇಕು. ದಾರಿಯಲ್ಲಿ ಶೂ ಕಳಚಿದರೆ ಪ್ರವೇಶ ಇಲ್ಲ.

ಹೆಂಡತಿಯ ಮಕ್ಕಳ ಆರೈಕೆ ರಜೆ ಮುಗಿಯಲು ಐದು ವಾರ ಉಳಿದಿತ್ತು. ಅವಳ ವಿಭಾಗಕ್ಕೆ ಅವಳೊಬ್ಬಳೇ ಸ್ಟೆನೋ, ರಜೆ ಮುಂದುವರಿಯುವ ಹಾಗಿರಲಿಲ್ಲ. ಶಿಶುಮಂದಿರ ಸಿಗದಿದ್ದರೆ ಪುಟ್ಟಿಯನ್ನು ಒಂದು ವರ್ಷ ತುಮಕೂರಿನಲ್ಲಿ ನನ್ನ ಅತ್ತೆಯ ಹತ್ತಿರ ಬಿಡಬೇಕಾಗಿತ್ತು. ಅತ್ತೆ ಆಗಲೇ ಫೋನಿನಲ್ಲಿ, "ಮಂಚಕ್ಕೆ ಕಂಬಿ ಹಾಕ್ಸಿದೀನಿ, ಮಗು ಬೀಳಲ್ಲ" ಅಂದಿದ್ದರು. ಹೆಂಡತಿ ಆ ದಿನ ಫೋನಿಟ್ಟ ಮೇಲೆ ಮಗುವಿನ ಒಣಗಿದ ಬಟ್ಟೆಗಳನ್ನು ಮಡಿಸಿದಳು, ಆಮೇಲೆ ಎಲ್ಲ ಬಿಚ್ಚಿ ಮತ್ತೆ ಮಡಿಸಿದಳು.

ಶಿಶುಮಂದಿರ ನಡೆಸುವವರನ್ನು ಅಲ್ಲಿ ಎಲ್ಲರೂ ದೀದಿ ಅನ್ನುತ್ತಾರೆ. ಐವತ್ತರ ಆಸುಪಾಸು, ಕೈಯಲ್ಲಿ ಸದಾ ಒಂದು ರಿಜಿಸ್ಟರು.

"ಬೇಬಿ ನಡೀತಾಳಾ?" ಎಂದರು ದೀದಿ.

"ಓಡ್ತಾಳೆ" ಎಂದೆ.

"ಶೂ ಹಾಕ್ಕೊಂಡು?"

ಪುಟ್ಟಿಯ ಪಾದ ಉದ್ದಕ್ಕೆ ವಯಸ್ಸಿಗೆ ತಕ್ಕ ಹಾಗೇ ಇತ್ತು, ಅಗಲ ಮಾತ್ರ ಇರಲಿಲ್ಲ. ಯಾವ ಶೂ ಹಾಕಿದರೂ ಎರಡನೆಯ ಹೆಜ್ಜೆಗೆ ಹಿಮ್ಮಡಿ ಮೇಲೇಳುತ್ತಿತ್ತು. ಮೂರನೆಯ ಹೆಜ್ಜೆಗೆ ಪುಟ್ಟಿ ಮುಂದೆ ಹೋಗುತ್ತಿದ್ದಳು, ಶೂ ಅಲ್ಲೇ ನಿಂತಿರುತ್ತಿತ್ತು.

ಹೆಂಡತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಅವಳು ನಡೀತಾಳೆ ದೀದಿ. ಶೂ ಬರಲ್ಲ."

ದೀದಿ ರಿಜಿಸ್ಟರು ಮುಚ್ಚಿದರು. "ಜಾಗ ಮುಂದಿನ ತಿಂಗಳ ಮೊದಲನೇ ಸೋಮವಾರದವರೆಗೆ ಇಟ್ಟಿರ್ತೀನಿ. ಇಬ್ಬರೂ ಒಟ್ಟಿಗೆ ಬರೋದು ಕಲಿತ ಮೇಲೆ ಕರ್ಕೊಂಡು ಬನ್ನಿ."

೨. ಜಾತಕ

ಆ ಐದು ವಾರಗಳಲ್ಲಿ ನಾವು ಹತ್ತಿದ ಶೂ ಅಂಗಡಿಗಳು ಎಷ್ಟು ಅನ್ನುವುದು ಈಗ ನೆನಪಿಲ್ಲ. ನೆನಪಿರುವುದು ಅಂಗಡಿಯವರ ಹೆಬ್ಬೆರಳು. ಎಲ್ಲ ಅಂಗಡಿಗಳಲ್ಲೂ ಭಯ್ಯಾ ಮಗುವಿಗೆ ಶೂ ಹಾಕಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, "ಪರ್ಫೆಕ್ಟ್" ಅನ್ನುತ್ತಿದ್ದ. ಒತ್ತುವುದು ಉದ್ದ ನೋಡಲಿಕ್ಕೆ. ಅಗಲ ನೋಡಲು ಯಾರ ಹತ್ತಿರವೂ ಬೆರಳಿರಲಿಲ್ಲ.

"ಭಯ್ಯಾ, ಅಗಲ ಜಾಸ್ತಿ ಇದೆ."

"ತುಂಬ್ಕೊಳ್ಳುತ್ತೆ ಸರ್. ಮಕ್ಕಳ ಕಾಲು."

"ಯಾವಾಗ?"

"ದೊಡ್ಡವಳಾದ ಮೇಲೆ."

ಒಂದು ಅಂಗಡಿಯಲ್ಲಿ ನಡೆದರೆ ಚೀಂ ಅನ್ನುವ, ಹಿಮ್ಮಡಿಯಲ್ಲಿ ಕೆಂಪು ದೀಪ ಹತ್ತುವ ಶೂ ಹಾಕಿಸಿದರು. ಪುಟ್ಟಿಗೆ ಖುಷಿಯೋ ಖುಷಿ. ಎರಡು ಸಲ ಚೀಂ ಅಂದಿತು. ಮೂರನೆಯದಕ್ಕೆ ಅವಳು ಬರಿಗಾಲಲ್ಲಿ ಬಾಗಿಲ ಹತ್ತಿರ ಇದ್ದಳು. ಶೂ ಮಾತ್ರ ಅಂಗಡಿಯ ನಡುವೆ ಒಂದೇ ನಿಂತು ದೀಪ ಮಿಟುಕಿಸುತ್ತಿತ್ತು. ಮಂಜಿನಲ್ಲಿ ರಸ್ತೆ ಬದಿ ಕೆಟ್ಟು ನಿಂತ ಕಾರಿನ ಹಾಗೆ. ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ. ನನಗೆ ಹಾಗೆ ನಿಂತುಬಿಡುವ ಅಭ್ಯಾಸ ಇದೆ. ಹೆಂಡತಿ ತೋಳು ಹಿಡಿದು ಎಳೆದ ಮೇಲೇ ಅಲ್ಲಿಂದ ಕದಲಿದ್ದು.

ಇನ್ನೊಂದು ಅಂಗಡಿಯಲ್ಲಿ ಭಯ್ಯಾ ಪುಟ್ಟಿಯ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಒಳಗಿದ್ದ ತನ್ನ ಅಪ್ಪನನ್ನು ಕರೆದ. ಅಪ್ಪ ಕನ್ನಡಕ ಹಾಕಿಕೊಂಡು ಬಂದು, ಬಗ್ಗಿ ನೋಡಿ, ಒಂದೇ ಮಾತು ಹೇಳಿದರು: "ಬೆಂಡೆಕಾಯಿ."

ಅವರು ಅನುಭವಸ್ಥರು. ಶೂ ಒಳಗೆ ಮೆತ್ತೆಯ ಹಾಳೆ ಹಾಕಿದರೆ ಬಿಗಿಯಾಗುತ್ತದೆ ಎಂದು ಒಂದು ಹಾಕಿದರು. ಸಾಲಲಿಲ್ಲ. ಎರಡು ಹಾಕಿದರು. ನಾಲ್ಕು ಹಾಕಿದ ಮೇಲೆ ಪುಟ್ಟಿಯ ಕಾಲು ಶೂ ಒಳಗೆ ಇರಲಿಲ್ಲ, ಶೂ ಮೇಲೆ ಇತ್ತು. ಹಿರಿಯರು ಮೆತ್ತೆಗಳನ್ನೆಲ್ಲ ಹೊರಗೆ ತೆಗೆದು, ನಮ್ಮನ್ನು ಕೂರಿಸಿ, ಸಮಾಧಾನವಾಗಿ ಹೇಳಿದರು. "ನೋಡಿ, ಕಾಲಿನಲ್ಲೂ ದೋಷ ಇಲ್ಲ, ಶೂನಲ್ಲೂ ದೋಷ ಇಲ್ಲ. ಇಬ್ಬರ ಜಾತಕ ಕೂಡಿಬರ್ತಿಲ್ಲ, ಅಷ್ಟೆ."

ಆಟೋದಲ್ಲಿ ನಾನು ಇದನ್ನೇ ಯೋಚಿಸುತ್ತ ಕೂತಿದ್ದೆ. "ಎಷ್ಟು ಚೆನ್ನಾಗಿ ಹೇಳಿದ್ರು ಅಲ್ವಾ? ಜಾತಕ ಕೂಡದೆ ಹೋದ್ರೆ ಒಟ್ಟಿಗೆ ನಡೆಯೋದು ಕಷ್ಟ" ಎಂದೆ.

ಹೆಂಡತಿ ರಸ್ತೆ ನೋಡುತ್ತಲೇ ಹೇಳಿದಳು. "ನಮ್ಮದೂ ಕೂಡಿರ್ಲಿಲ್ಲ ರೀ. ನಾನು ಒಂಬತ್ತು ವರ್ಷದಿಂದ ನಡೀತಿಲ್ವಾ?"

೩. ಒಂದು ಶೂ ಮೆಟ್ರೋದಲ್ಲಿ ಹೋಯಿತು

ಆ ಅಂಗಡಿಯಿಂದ ಬರಿಗೈಯಲ್ಲಿ ಬರಲಾಗದೆ, ಇದ್ದುದರಲ್ಲಿ ಕಿರಿದಾದ ಒಂದು ನೀಲಿ ಜೋಡಿ ತಂದಿದ್ದೆವು. ಮುಂದಿನ ಭಾನುವಾರ ನಾನೊಬ್ಬನೇ ಪುಟ್ಟಿಯನ್ನು ಎತ್ತಿಕೊಂಡು ಮೆಟ್ರೋದಲ್ಲಿ ಹೊರಟೆ. ಇಳಿಯುವಾಗ ಜನ ಒತ್ತಿದರು. ನಾವು ಪ್ಲಾಟ್‌ಫಾರ್ಮಿಗೆ ಬಂದೆವು, ಬಾಗಿಲು ಮುಚ್ಚಿತು. ಗಾಜಿನ ಆಚೆ, ಒಳಗೆ, ನೆಲದ ಮೇಲೆ ಒಂದು ನೀಲಿ ಶೂ ಇತ್ತು.

ಒಬ್ಬ ಹೆಂಗಸು ಅದನ್ನು ಎತ್ತಿ ನಮಗೆ ತೋರಿಸಿದರು. ನಾನು ಹೌದು ಎಂದು ತಲೆಯಾಡಿಸಿದೆ. ಅವರು ಏನು ಮಾಡಲಿ ಎಂದು ಕೈ ತಿರುಗಿಸಿದರು. ನಾನೂ ಕೈ ತಿರುಗಿಸಿದೆ. ಅಷ್ಟರಲ್ಲಿ ರೈಲು ಹೊರಟಿತು. ಪುಟ್ಟಿ ಶಾಂತವಾಗಿ ಶೂಗೆ ಟಾಟಾ ಮಾಡಿದಳು.

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಆ ಶೂ ಈಗ ಎಲ್ಲಿರಬಹುದು ಅನ್ನಿಸಿತು. ಸುರಂಗ ದಾಟಿ ರೈಲು ಮೇಲಕ್ಕೆ ಬಂದಿರುತ್ತದೆ, ಕಿಟಕಿಯಲ್ಲಿ ಮಂಜು, ಮಂಜಿನೊಳಗೆ ಕರಗಿದ ಕಟ್ಟಡಗಳು. ಹೆಂಗಸು ಇಳಿಯುವ ಮುಂಚೆ ಅದನ್ನು ತಮ್ಮ ಸೀಟಿನ ಮೇಲೆ ಇಟ್ಟಿರುತ್ತಾರೆ. ಶೂ ಈಗ ಇಬ್ಬರು ದೊಡ್ಡ ಮನುಷ್ಯರ ನಡುವೆ ಕೂತು ಗುರುಗ್ರಾಮದ ಕಡೆಗೆ ಹೋಗುತ್ತಿರುತ್ತದೆ. ಯಾರೂ ಅದನ್ನು ಏಳಿಸುವುದಿಲ್ಲ. ಮಗುವಿನ ಶೂಗೆ ಸೀಟು ಬಿಟ್ಟುಕೊಡದಷ್ಟು ಕಠಿಣರಲ್ಲ ಜನ. ಹೀಗೆ ಯೋಚಿಸುತ್ತಿರುವಾಗ ಎರಡು ರೈಲು ಬಂದು ಹೋದವು.

ಮಾರನೆಯ ದಿನ ಕಳೆದ ವಸ್ತುಗಳನ್ನು ಇಡುವ ಕಚೇರಿಗೆ ಹೋದೆ. ಅಲ್ಲಿದ್ದವರು ಫಾರಂ ಮುಂದಿಟ್ಟುಕೊಂಡು ಕೇಳಿದರು.

"ಏನು ಕಳೆದದ್ದು?"

"ಶೂ."

"ಎಷ್ಟು?"

"ಒಂದು."

"ಇನ್ನೊಂದು?"

"ಇದೆ" ಎಂದು ಚೀಲದಿಂದ ತೆಗೆದು ತೋರಿಸಿದೆ. ಗುರುತಿಗೆಂದು ತಂದಿದ್ದೆ.

ಅವರು ಒಳಗೆ ಹೋಗಿ ಒಂದು ಡಬ್ಬ ತಂದರು. ಅದರಲ್ಲಿ ಪುಟ್ಟ ಪುಟ್ಟ ಶೂಗಳು. ಒಂದು ಗುಲಾಬಿ, ಒಂದು ಬಿಳಿ, ಒಂದು ಕರಡಿಯ ಮುಖದ್ದು, ಒಂದು ಕೈಯಲ್ಲಿ ಹೆಣೆದ ಉಣ್ಣೆಯದು. ನಮ್ಮದು ಇರಲಿಲ್ಲ. ಆದರೆ ನನಗೆ ಎಂಥದೋ ಸಮಾಧಾನವಾಯಿತು. ಇಷ್ಟು ದೊಡ್ಡ ಊರಿನಲ್ಲಿ ನಾವೊಬ್ಬರೇ ಅಲ್ಲ, ಎಲ್ಲೆಲ್ಲೋ ಬೆಂಡೆಕಾಯಿ ಪಾದದ ಮಕ್ಕಳಿದ್ದಾರೆ, ಅವರ ಅಪ್ಪಂದಿರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈ ತಿರುಗಿಸಿದ್ದಾರೆ.

ನಾನು ಹೊರಡಲು ಎದ್ದಾಗ ಅವರು ನನ್ನ ಕೈಯಲ್ಲಿದ್ದ ಶೂ ನೋಡಿ ಹೇಳಿದರು. "ಸರ್, ಇಲ್ಲಿರೋದೆಲ್ಲ ಒಂಟಿ. ನಿಮ್ಮದನ್ನೂ ಬಿಟ್ಟು ಹೋಗಿ. ಯಾವುದಕ್ಕಾದರೂ ಜೋಡಿ ಆದ್ರೂ ಆಗಬಹುದು."

೪. ಸುಬೇದಾರರ ಗಂಟು

ನಮ್ಮ ಮನೆಯ ನೇರ ಕೆಳಗೆ, ನೆಲಮಹಡಿಯಲ್ಲಿ, ಕೊಡಗಿನ ಒಬ್ಬರು ಇದ್ದಾರೆ. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಈಗ ಮಗಳ ಮನೆಯಲ್ಲಿ ಇರುತ್ತಾರೆ. ಚಳಿಗಾಲದ ಬೆಳಿಗ್ಗೆ ಬಿಸಿಲು ಬಿದ್ದ ಕಡೆಗೆ ಕುರ್ಚಿ ಎಳೆದುಕೊಂಡು ಪೇಪರು ಓದುತ್ತಾರೆ. ನಮ್ಮ ಬಾಲ್ಕನಿಗೆ ಸರಿಯಾಗಿ ಕೆಳಗೆ.

ಪುಟ್ಟಿ ಬಾಲ್ಕನಿಯ ಕಂಬಿಯ ನಡುವೆ ಕಾಲು ಇಳಿಬಿಟ್ಟು ಕೂರುವುದು ವಾಡಿಕೆ. ಬಾಲ್ಕನಿ ಅವಳ ಲೆಕ್ಕದಲ್ಲಿ ಮನೆಯ ಹೊರಗೆ, ಅಲ್ಲಿ ಶೂ ಹಾಕಿಸಿಕೊಳ್ಳುತ್ತಿದ್ದಳು. ಹೊಸದಾಗಿ ತಂದ ಬಿಳಿ ಲೇಸಿನ ಶೂ ಅಲ್ಲಿಂದ ಬಿದ್ದು ಸುಬೇದಾರರ ಪೇಪರಿನ ನಡುವೆ ಹಾದುಹೋಯಿತು. ಅವರು ಅದನ್ನು ಎತ್ತಿಕೊಂಡು ಮೇಲೆ ಬಂದರು.

"ಇದು ಈ ವಾರ ಮೂರನೇದು. ಶತ್ರು ಕೂಡ ಇಷ್ಟು ತಪ್ಪದೆ ಹಾಕಲ್ಲ" ಎಂದರು.

"ಕ್ಷಮಿಸಿ ಅಂಕಲ್, ಒಳಗೆ ಬನ್ನಿ" ಎಂದೆ.

ಆದರೆ ಒಳಗೆ ಬರುವುದು ಅಷ್ಟು ಸುಲಭವಲ್ಲ. ನಮ್ಮಲ್ಲಿ ಯಾರೂ ಪಾದರಕ್ಷೆ ಹಾಕಿಕೊಂಡು ಮನೆಯೊಳಗೆ ಬರುವುದಿಲ್ಲ, ಇದು ಕನ್ನಡ ಓದುವವರಿಗೆ ಹೇಳಬೇಕಾದ್ದಿಲ್ಲ. ಪುಟ್ಟಿ ಇನ್ನೂ ಅಮ್ಮ ಅಪ್ಪ ಎಂದು ಸ್ಪಷ್ಟವಾಗಿ ಹೇಳುವ ಮುಂಚೆಯೇ ಈ ನಿಯಮ ಕಲಿತಿದ್ದಳು, ಅದನ್ನು ಜಾರಿಗೊಳಿಸುವುದು ತನ್ನ ಕೆಲಸ ಎಂದೂ ತಿಳಿದಿದ್ದಳು. ಗ್ಯಾಸ್ ಸಿಲಿಂಡರ್ ಹೊತ್ತು ಬಂದವರನ್ನು ಸಿಲಿಂಡರ್ ಸಮೇತ ಬಾಗಿಲಲ್ಲೇ ನಿಲ್ಲಿಸಿದ್ದಳು. ಈಗಲೂ ಚಪ್ಪಲಿ ಹೊರಗೆ ಎಂದು ಬೆರಳು ತೋರಿಸಿ ತನ್ನ ಹಿಂದಿಯಲ್ಲಿ ಹೇಳಿದಳು: "ಚಪ್ಪಲ್ ಬಾಹರ್."

ಸುಬೇದಾರರದು ಕಣಕಾಲಿನವರೆಗೆ ಲೇಸು ಇರುವ ಕ್ಯಾನ್ವಾಸ್ ಬೂಟು. ಅವರು ಮೆಟ್ಟಿಲ ಮೇಲೆ ಕೂತು ಒಂದೊಂದೇ ಸುತ್ತು ಬಿಚ್ಚಿದರು. ಪುಟ್ಟಿ ಎದುರಿಗೆ ನಿಂತು ಕೆಲಸ ಮುಗಿಯುವವರೆಗೆ ಕಾದಳು.

ಒಳಗೆ ಬಂದು ಅವರು ಶೂ ಪರೀಕ್ಷಿಸಿದರು. "ತೊಂದರೆ ಶೂದಲ್ಲ. ನಿಮಗೆ ಕಟ್ಟೋಕೆ ಬರಲ್ಲ. ನೋಡಿ, ಮೊದಲು ಹಿಮ್ಮಡಿ ಹಿಂದಕ್ಕೆ ಒತ್ತಬೇಕು. ಆಮೇಲೆ ಲೇಸು ಕಣಕಾಲಿಗೆ ಒಂದು ಸುತ್ತು, ಮತ್ತೆ ಒಳಗೆ, ಮತ್ತೆ ಎರಡು ಗಂಟು. ಹಿಮದಲ್ಲಿ ಕಟ್ಟಿದ ಗಂಟು ಇದು. ಪರ್ವತ ಬಿದ್ರೂ ಬಿಚ್ಚಲ್ಲ."

ಕಟ್ಟಿದರು. ಗಂಟು ನೋಡುವ ಖುಷಿಯಲ್ಲಿ ತನ್ನ ನಿಯಮ ಮರೆತು ಪುಟ್ಟಿ ನಿಂತಳು. ಒಂದು ಹೆಜ್ಜೆ, ಎರಡು, ಮೂರು. ಶೂ ಕಳಚಲಿಲ್ಲ. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಅಷ್ಟರಲ್ಲಿ ಹೆಂಡತಿ, "ರೀ, ಕಾಲು ನೋಡಿ" ಎಂದಳು. ಅಗಲವಾದ ಶೂ ಒಳಗೆ ಪುಟ್ಟಿಯ ಪಾದ ತಿರುಗಿಬಿಟ್ಟಿತ್ತು. ಶೂ ಬಾಲ್ಕನಿಯ ಕಡೆ ಮುಖ ಮಾಡಿತ್ತು, ಪುಟ್ಟಿ ಅಡುಗೆಮನೆಯ ಕಡೆ. ಅವಳು ಪಟ್ಟನೆ ಕೂತುಬಿಟ್ಟಳು.

ಸುಬೇದಾರರು ಸ್ವಲ್ಪ ಹೊತ್ತು ನೋಡಿ ಎದ್ದರು. "ಗಂಟು ಸರಿಯಾಗಿದೆ. ಕೋಟೆ ದೊಡ್ಡದು, ಒಳಗೆ ಸೈನ್ಯ ಕಮ್ಮಿ" ಎಂದು ಹೇಳಿ ಸೈನ್ಯದ ಕ್ಯಾಂಟೀನಿಗೆ ಸಾಮಾನು ತರಲು ಹೋದರು.

ಅವರು ಹೋದ ಮೇಲೆ ತಿಳಿಯಿತು, ಆ ಗಂಟು ನಮಗೆ ಬಿಚ್ಚಲು ಬರುವುದಿಲ್ಲ. ನಾನು ನೋಡಿದೆ, ಹೆಂಡತಿ ಹೇರ್‌ಪಿನ್ನಿನಲ್ಲಿ ನೋಡಿದಳು. ಕತ್ತರಿಸಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಪುಟ್ಟಿ ಚಾಪೆಯ ಮೇಲೆ ಬಿಸಿಲಿಗೆ ಹಾಗೇ ನಿದ್ದೆ ಹೋದಳು. ನಮ್ಮ ಮನೆಯಲ್ಲಿ ಒಬ್ಬರು ಶೂ ಹಾಕಿಕೊಂಡು ಮಲಗಿದ್ದು ಅದೇ ಮೊದಲು.

ಒಂದು ಗಂಟೆಯ ನಂತರ ನೋಡಿದರೆ ಚಾಪೆ ಖಾಲಿ. ಕೋಣೆಯಲ್ಲಿಲ್ಲ, ಬಾಲ್ಕನಿಯಲ್ಲಿಲ್ಲ. ಗಾಬರಿಯಿಂದ ಬಾಗಿಲ ಕಡೆ ಓಡಿದೆ. ಪುಟ್ಟಿ ಹೊಸ್ತಿಲಾಚೆ ನಮ್ಮೆಲ್ಲರ ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದಳು. ಎದ್ದು ಕಾಲು ನೋಡಿಕೊಂಡು, ಅಂಬೆಗಾಲಿಟ್ಟು, ತನ್ನನ್ನು ತಾನೇ ಹೊರಗೆ ಹಾಕಿಕೊಂಡಿದ್ದಳು.

ಸುಬೇದಾರರು ವಾಪಸು ಬರುವವರೆಗೆ ಒಳಗೆ ಬರಲು ಒಪ್ಪಲಿಲ್ಲ. ಊಟವನ್ನೂ ನಾವು ಅಲ್ಲೇ ಬಡಿಸಿದೆವು.

೫. ಹಸಿರು ಹಾಳೆ

ಎರಡು ವಾರ ಉಳಿಯಿತು. ಒಂದು ಅಂಗಡಿಯವರು, ಕಾಲಿನ ನಕ್ಷೆ ತೆಗೆದುಕೊಂಡು ಬಂದರೆ ಹೇಳಿ ಮಾಡಿಸಬಹುದೇನೋ ನೋಡೋಣ ಎಂದರು. ನಕ್ಷೆ ಅಂದರೆ ಹಾಳೆಯ ಮೇಲೆ ಪಾದ ಇಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯುವುದು.

ಬಿಳಿ ಹಾಳೆಯ ಮೇಲೆ ಪುಟ್ಟಿ ನಿಲ್ಲಲಿಲ್ಲ. ಹರಿದಳು. ನನ್ನ ಚೀಲದಲ್ಲಿ ಕಚೇರಿಯ ಒಂದು ಖಾಲಿ ಹಸಿರು ಹಾಳೆ ಇತ್ತು. ಹಸಿರು ಹಾಳೆಯ ಬಗ್ಗೆ ಸ್ವಲ್ಪ ಹೇಳಬೇಕು. ಈಗ ನಮ್ಮ ಕೆಲಸ ಬಹುಪಾಲು ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೆ ಕೆಲವು ಹಳೆಯ ಕಡತಗಳು ಇನ್ನೂ ಕಾಗದದಲ್ಲೇ ಇವೆ. ಅಂಥ ಕಡತದಲ್ಲಿ ಹಸಿರು ಹಾಳೆಗಳಿರುತ್ತವೆ. ಅದರಲ್ಲಿ ಕೆಳಗಿನವರು ಮೇಲೆ ಬರೆಯುತ್ತಾರೆ, ಮೇಲಿನವರು ಕೆಳಗೆ ಬರೆಯುತ್ತಾರೆ. ಒಬ್ಬೊಬ್ಬರ ಸಹಿಯಾಗಿ ಕಡತ ಮೇಲೆ ಹೋಗಿ ಮತ್ತೆ ಕೆಳಗೆ ಬರುತ್ತದೆ.

ಹಸಿರು ಕಂಡು ಪುಟ್ಟಿ ಹುಲ್ಲು ಎಂದುಕೊಂಡಳೋ ಏನೋ, ಹೋಗಿ ನಿಂತಳು. ಬಲಗಾಲಿನ ಗೆರೆ ಎಳೆದೆ. ಎಡಗಾಲಿಗೆ ಪೆನ್ಸಿಲು ತರುವಷ್ಟರಲ್ಲಿ ಹಾರಿಹೋದಳು. ಮತ್ತೆ ನಿಲ್ಲಲಿಲ್ಲ. ಇರಲಿ ಎಂದು ಕೆಳಗೆ, ಕಚೇರಿಯ ಅಭ್ಯಾಸದಂತೆ ಇಂಗ್ಲಿಷಿನಲ್ಲಿ, ಬರೆದೆ: "ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಅಗಲ ಐದಕ್ಕಿಂತ ಕಡಿಮೆ. ಹಿಮ್ಮಡಿ ನಿಲ್ಲುತ್ತಿಲ್ಲ. ತುರ್ತು."

ಮಾರನೆಯ ದಿನ ಅದನ್ನು ಮೇಜಿನ ಮೇಲಿಟ್ಟು, ಊಟದ ಹೊತ್ತಿಗೆ ಅಂಗಡಿಗೆ ಹೋಗೋಣ ಎಂದುಕೊಂಡಿದ್ದೆ. ಅದರ ಪಕ್ಕದಲ್ಲೇ ಒಂದು ಕಡತ ಇತ್ತು. ಮೀಟಿಂಗ್ ಕೋಣೆಯ ಹೊರಗಿನ ಕಾರ್ಪೆಟ್ಟು ಹರಿದು ಜನ ಎಡವುತ್ತಿದ್ದಾರೆ, ಬದಲಾಯಿಸಬೇಕು ಎಂಬ ವಿಷಯ. ನಾನು ಯಾರೋ ಕರೆದರೆಂದು ಎದ್ದುಹೋದೆ. ನಮ್ಮಲ್ಲಿ ಕಡತ ಕಟ್ಟುವ ಹಿರಿಯರೊಬ್ಬರು ಇದ್ದಾರೆ, ಬಹಳ ಶಿಸ್ತಿನವರು. ಹಸಿರು ಹಾಳೆ ಹೊರಗಿರುವುದನ್ನು ಅವರು ಸಹಿಸುವುದಿಲ್ಲ. ತೂತು ಮಾಡಿ, ದಾರ ಪೋಣಿಸಿ, ಒಂಬತ್ತನೆಯ ಪುಟ ಎಂದು ಸಂಖ್ಯೆ ಹಾಕಿ, ಕಡತವನ್ನು ಮೇಲೆ ಕಳಿಸಿಬಿಟ್ಟರು.

ಮೂರು ದಿನ ನಾನು ಹಾಳೆ ಹುಡುಕಿದೆ. ಮನೆಯಲ್ಲಿ ಮತ್ತೆ ಗೆರೆ ಎಳೆಯಲು ನೋಡಿದೆವು. ಹಸಿರಿನ ಮೋಸ ಪುಟ್ಟಿಗೆ ತಿಳಿದುಹೋಗಿತ್ತು.

ನಾಲ್ಕನೆಯ ದಿನ ಕಡತ ಕೆಳಗೆ ಬಂತು. ತೆರೆದೆ. ಒಂಬತ್ತನೆಯ ಪುಟದಲ್ಲಿ ನನ್ನ ಮಗಳ ಬಲಗಾಲು. ಅದರ ಕೆಳಗೆ ನನ್ನ ಮೇಲಿನವರ ಸಹಿ. ಅವರ ಮೇಲಿನವರು, "ಒಪ್ಪಿದೆ. ನಿಯಮದ ಪ್ರಕಾರ ಮುಂದುವರಿಯಬಹುದು" ಎಂದು ಬರೆದಿದ್ದರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ನನ್ನ ಯಾವ ಟಿಪ್ಪಣಿಯೂ ಇಷ್ಟು ಬೇಗ ಒಪ್ಪಿಗೆಯಾಗಿರಲಿಲ್ಲ. ಎಲ್ಲರಿಗೂ ಮೇಲಿರುವ ಮೇಡಂ ಮಾತ್ರ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಎಡಗಾಲಿನದು ಎಲ್ಲಿ? ಚರ್ಚಿಸಿ."

ಚರ್ಚಿಸಿ ಅಂದರೆ ಬರೆದವನು ಹೋಗಿ ಅವರ ಮುಂದೆ ನಿಲ್ಲಬೇಕು. ಅಲ್ಪವಿರಾಮ ತಪ್ಪಿದ್ದಕ್ಕೆ ಕಡತ ವಾಪಸು ಕಳಿಸುವವರು ಅವರು. ನಾನು ಹೋಗಿ ನಿಂತೆ.

"ಇದು ಯಾರ ಕಾಲು?"

"ಮಗಳದು, ಮೇಡಂ."

"ಕಾರ್ಪೆಟ್ಟಿಗೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲ, ಮೇಡಂ."

ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. ಕಿಟಕಿಯಿಂದ ತೆಳ್ಳಗಿನ ಬಿಸಿಲು ಬರುತ್ತಿತ್ತು, ಹಸಿರಿನೊಳಗೆ ಆ ಪುಟ್ಟ ಪಾದ ನೀರಿನಲ್ಲಿ ನಿಂತ ಹಾಗೆ ಕಾಣುತ್ತಿತ್ತು. "ಅಗಲ ಐದೂ ಇಲ್ಲವಾ?" ಎಂದರು, ಬೇರೆ ಧ್ವನಿಯಲ್ಲಿ. ನಾನು ಶೂ, ಶಿಶುಮಂದಿರ, ತುಮಕೂರು ಎಲ್ಲ ಹೇಳಿದೆ. ಅವರು ಮೇಜಿನ ಪಕ್ಕದಿಂದ ತಮ್ಮ ಕಾಲು ಹೊರಗೆ ಚಾಚಿದರು.

"ನನ್ನದೂ ಹೀಗೇ. ಶಾಲೆಯಲ್ಲಿ ಪರೇಡಿನ ದಿನ ನನ್ನ ಶೂ ಮೈದಾನದ ನಡುವೆ ನಿಂತುಹೋಯಿತು. ನಾನು ನಿಲ್ಲಲಿಲ್ಲ. ನನ್ನ ಹಿಂದಿನ ಸಾಲಿನವರೆಲ್ಲ ಅದನ್ನು ದಾಟಿಕೊಂಡು ಬಂದರು." ಒಂದು ಚೀಟಿಯಲ್ಲಿ ಮುನಿರ್ಕಾದ ಒಂದು ಗಲ್ಲಿಯ ಗುರುತು ಬರೆದುಕೊಟ್ಟರು. "ಶೂ ಮಾಡುವ ಉಸ್ತಾದ್ ಒಬ್ಬರಿದ್ದಾರೆ. ಎರಡೂ ಕಾಲಿನ ಅಳತೆ ಬೇಕು. ಯಾರ ಎರಡು ಕಾಲೂ ಒಂದೇ ಥರ ಇರಲ್ಲ."

"ಮೇಡಂ, ಹಾಗಾದರೆ ಈ ಹಾಳೆ ತೆಗೆದುಕೊಳ್ಳಲಾ?"

ಅವರ ಧ್ವನಿ ಮತ್ತೆ ಮೊದಲಿನದಾಯಿತು. "ಅಧಿಕಾರಿಗಳು ಸಹಿ ಮಾಡಿದ ಹಾಳೆ ಕಡತದಿಂದ ತೆಗೆಯೋ ಹಾಗಿಲ್ಲ. ನಿಯಮ ಗೊತ್ತಿಲ್ಲವಾ?"

ಆ ಹಾಳೆ ಈಗಲೂ ಅಲ್ಲೇ ಇದೆ. ನಮ್ಮ ವಂಶದಲ್ಲಿ ಸರ್ಕಾರಿ ಸೇವೆಗೆ ಇಷ್ಟು ಚಿಕ್ಕ ವಯಸ್ಸಿಗೆ ಸೇರಿದವರು ಯಾರೂ ಇಲ್ಲ, ಅದೂ ಬಲಗಾಲಿಟ್ಟು.

೬. ಸತ್ಯಪ್ರತಿ

ಹಾಳೆ ತೆಗೆಯುವ ಹಾಗಿಲ್ಲ ಎಂದ ಮೇಲೆ ಜೆರಾಕ್ಸ್ ಮಾಡಿಸಿದೆ. ಜೆರಾಕ್ಸ್ ಪ್ರತಿಗೆ ಬೆಲೆ ಬರಬೇಕಾದರೆ ಮೂಲದ ಜೊತೆ ಹೋಲಿಸಿ, 'ಸತ್ಯಪ್ರತಿ' ಎಂಬ ಮೊಹರು ಒತ್ತಿ, ಸಹಿ ಹಾಕಿಸಬೇಕು. ಉಸ್ತಾದ್ ಇದನ್ನು ಕೇಳಿರಲಿಲ್ಲ. ಆದರೆ ಹದಿನಾಲ್ಕು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮೊಹರಿನ ಕಡೆ ಹೋಯಿತು. ಸಹಿ ಹಾಕಿದ ನಮ್ಮ ಸಹೋದ್ಯೋಗಿ ಐದೂ ಬೆರಳನ್ನು ಎಣಿಸಿಯೇ ಸಹಿ ಹಾಕಿದರು.

ಉಸ್ತಾದರ ಅಂಗಡಿ ಒಂದು ಕಟ್ಟಡದ ಮೆಟ್ಟಿಲುಗಳ ಅಡಿಯಲ್ಲಿ. ಗೋಡೆಯ ತುಂಬ ಮರದ ಪಾದಗಳು ತೂಗುತ್ತಿದ್ದವು. ಶೂವನ್ನು ಅದರ ಮೇಲೆ ಎಳೆದು ಹೊಲಿಯುತ್ತಾರೆ, ಅಚ್ಚು ಅನ್ನೋಣ. ಒಳಗಿನ ಮಬ್ಬಿನಲ್ಲಿ ನನಗೆ, ಊರಿನ ಜನ ತಮ್ಮ ಕಾಲುಗಳನ್ನು ಇಲ್ಲಿ ಬಿಟ್ಟು ಹಗುರವಾಗಿ ಎಲ್ಲೋ ತೇಲಿಹೋಗಿದ್ದಾರೆ, ಸಂಜೆ ಬಂದು ತೆಗೆದುಕೊಂಡು ಹೋಗುತ್ತಾರೆ ಅನ್ನಿಸಿತು. ಪ್ರತಿಯೊಂದರ ಮೇಲೂ ಸೀಮೆಸುಣ್ಣದ ಕಡ್ಡಿಯಲ್ಲಿ ಗುರುತು: 'ಡಾಕ್ಟರ್ ಸಾಬ್', 'ಪ್ರೊಫೆಸರ್, ಎಡಗಾಲು ದಪ್ಪ'.

ಉಸ್ತಾದ್ ನನ್ನ ಪ್ರತಿಯನ್ನು ತೆಗೆದುಕೊಂಡು, ಪಾದ ನೋಡಿದರು, ಮೊಹರು ನೋಡಿದರು, ಸಹಿ ನೋಡಿದರು.

"ಇದು ಸರ್ಕಾರಿ ಕಾಲಾ?" ಎಂದರು.

ಅಳತೆ ತೆಗೆಯುವುದಕ್ಕೆ ಅವರು ಪುಟ್ಟಿಯನ್ನು ನಿಲ್ಲು ಎನ್ನಲಿಲ್ಲ. ನೆಲದಲ್ಲಿ ಕೂತು ಅಂಗೈ ಚಾಚಿದರು. ಮೇಲೆ ತೂಗುವ ಮರದ ಪಾದಗಳನ್ನು ಮುಟ್ಟಬೇಕೆಂದು ಅವಳೇ ಅದರ ಮೇಲೆ ಹತ್ತಿ ನಿಂತಳು. ಅವರ ಹೆಬ್ಬೆರಳು ಮೆಲ್ಲಗೆ ಪಾದದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಯಿತು. ಅಗಲ ನೋಡುವ ಬೆರಳನ್ನು ನಾನು ಕಂಡದ್ದು ಅಂದೇ.

"ಹಿಮ್ಮಡಿಯನ್ನು ಹಿಡಿಯಬೇಕು, ಬೆರಳನ್ನು ಬಿಡಬೇಕು. ಅಷ್ಟೇ ಕೆಲಸ" ಎಂದರು. "ಆದರೆ ಇಷ್ಟು ಸಣ್ಣ ಅಚ್ಚು ನನ್ನ ಹತ್ತಿರ ಇಲ್ಲ. ಕೆತ್ತಬೇಕು. ಶನಿವಾರ ಬನ್ನಿ."

ಸೋಮವಾರ ಪರೀಕ್ಷೆ. ಆ ವಾರ ಅತ್ತೆ ಎರಡು ಸಲ ಫೋನು ಮಾಡಿ ತುಮಕೂರಿಗೆ ಟಿಕೆಟ್ ಮಾಡಿಸಿದಿರಾ ಎಂದು ಕೇಳಿದರು. ಹೆಂಡತಿ ಎರಡು ಸಲವೂ ಸಿಗ್ನಲ್ ಸರಿಯಿಲ್ಲ ಎಂದಳು.

ಶನಿವಾರ ಹೋದೆವು. ಕಂದು ಬಣ್ಣದ, ಲೇಸಿನ, ಪೆನ್ಸಿಲ್ ಡಬ್ಬದಷ್ಟು ಕಿರಿದಾದ ಎರಡು ಶೂ. ಗೋಡೆಯ ಮೇಲೆ ಡಾಕ್ಟರ್ ಸಾಹೇಬರ ಪಕ್ಕದಲ್ಲಿ ಒಂದು ಹೊಸ ಜೋಡಿ ಅಚ್ಚು ತೂಗುತ್ತಿತ್ತು. ಅದರ ಮೇಲೆ ಬರೆದಿತ್ತು: 'ಸರ್ಕಾರಿ, ಛೋಟಾ'.

೭. ಬಾಗಿಲಿನಿಂದ ಕಿಟಕಿಯವರೆಗೆ

ಸೋಮವಾರ ಬೆಳಿಗ್ಗೆ ಎದುರಿನ ಕ್ವಾರ್ಟರ್ಸ್ ಕಾಣದಷ್ಟು ಮಂಜು. ಸುಬೇದಾರರು ಮೇಲೆ ಬಂದು, ಮೆಟ್ಟಿಲ ಮೇಲೆ ಪುಟ್ಟಿಯನ್ನು ಕೂರಿಸಿ ತಮ್ಮ ಗಂಟು ಹಾಕಿದರು. "ಈಗ ಕೋಟೆ ಸೈನ್ಯ ಎರಡೂ ಸರಿ" ಎಂದರು. ಶೂ ಬಿಚ್ಚುವುದು ಹೇಗೆ ಎಂದು ಕೇಳುವುದನ್ನು ನಾವು ಈ ಸಲವೂ ಮರೆತೆವು.

ಶಿಶುಮಂದಿರದ ಉದ್ದನೆಯ ಕಾರಿಡಾರಿನಲ್ಲಿ ಅವಳನ್ನು ಇಳಿಸಿದೆ. ಪುಟ್ಟಿ ನಡೆದಳು. ಹಿಮ್ಮಡಿ ಮೇಲೇಳಲಿಲ್ಲ, ಕಾಲು ತಿರುಗಲಿಲ್ಲ. ಮಂಜಿನ ಬೆಳಕಿನಲ್ಲಿ ಅವಳು ಹೋಗುವುದನ್ನು ನೋಡುತ್ತ ನಾನು ಹಿಂದೆಯೇ ಉಳಿದೆ. ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು, ಎಳೆಯಲು ಅಲ್ಲ.

ಬಾಗಿಲು ಬಂತು. ಪುಟ್ಟಿ ನಿಂತಳು. ಹೊಸ್ತಿಲು ನೋಡಿದಳು, ತನ್ನ ಶೂ ನೋಡಿಕೊಂಡಳು, ಹೊರಗೇ ಕೂತಳು. ಶೂ ಹಿಡಿದು ಎಳೆದಳು. ಇಷ್ಟು ದಿನ ತಾವಾಗಿಯೇ ಕಳಚುತ್ತಿದ್ದ ಶೂಗಳು ಈಗ ಎಳೆದರೂ ಬರಲಿಲ್ಲ.

"ಬಾ ಬೇಟಾ, ಒಳಗೆ ಬಾ" ಎಂದರು ದೀದಿ ಬಾಗಿಲ ಒಳಗಿನಿಂದ, ರಿಜಿಸ್ಟರು ತೆರೆದುಕೊಂಡು.

ಪುಟ್ಟಿ ಅಲ್ಲಾಡಲಿಲ್ಲ. ಅವಳು ಹೀಗೆ ಕೂತರೆ ಏಳುವುದಿಲ್ಲ ಎಂದು ನಮಗೆ ಗೊತ್ತಿತ್ತು.

"ನಡೆಯೋಕೆ ಬರಲ್ವಾ?" ಎಂದರು ದೀದಿ.

"ಬರುತ್ತೆ ದೀದಿ. ಶೂ ಹಾಕ್ಕೊಂಡು ಒಳಗೆ ಬರಬಾರದು ಅಂತ..." ಎಂದು ಹೆಂಡತಿ ಹೇಳುತ್ತಿರುವಾಗಲೇ ಪುಟ್ಟಿ ತಲೆ ಎತ್ತಿದಳು. ಅವಳ ಕಣ್ಣು ದೀದಿಯ ಕಾಲಿನ ಮೇಲೆ ನಿಂತಿತು. ಅವರು ಉಣ್ಣೆಯ ಚಪ್ಪಲಿ ಹಾಕಿಕೊಂಡು ಒಳಗೆ ನಿಂತಿದ್ದರು. ಪುಟ್ಟಿ ಬೆರಳು ತೋರಿಸಿದಳು.

"ಚಪ್ಪಲ್ ಬಾಹರ್."

ದೀದಿ ನಕ್ಕರು. ಪುಟ್ಟಿ ನಗಲಿಲ್ಲ. ಮಕ್ಕಳನ್ನು ರಮಿಸುವುದು ಅವರ ವೃತ್ತಿ, "ಅಚ್ಛಾ ಬಾಬಾ, ತೊಗೋ" ಎಂದು ಚಪ್ಪಲಿ ಕಳಚಿ ಹೊರಗಿಟ್ಟರು. ಅದನ್ನು ಕಂಡು ಒಳಗಿದ್ದ ಹತ್ತು ಹನ್ನೆರಡು ಮಕ್ಕಳು ಇದೇನೋ ಹೊಸ ಆಟ ಎಂದು ಒಬ್ಬೊಬ್ಬರಾಗಿ ಕೂತು ಶೂ ಕಳಚತೊಡಗಿದರು. ಹೊಸ್ತಿಲಾಚೆ ಪುಟ್ಟಿಯ ಪಕ್ಕದಲ್ಲಿ ಶೂಗಳ ರಾಶಿ ಬಿತ್ತು. ಅವಳು ಒಂದೊಂದನ್ನೂ ನೋಡಿದಳು.

ಆಮೇಲೆ ಒಳಗೆ ನೋಡಿದಳು. ಕೋಣೆಯ ತುದಿಯಲ್ಲಿ, ಕಿಟಕಿಯ ಹತ್ತಿರ, ಒಂದು ಮಗು ಬೆನ್ನು ತಿರುಗಿಸಿ ಕೂತು ಬಣ್ಣದ ಮರದ ತುಂಡು ಜೋಡಿಸುತ್ತಿತ್ತು. ಅದರ ಕಾಲಲ್ಲಿ ಇನ್ನೂ ಶೂ ಇತ್ತು.

ಪುಟ್ಟಿ ಎದ್ದಳು. ತನ್ನ ಕಾಲನ್ನು ಮರೆತಳು. ಹೊಸ್ತಿಲು ದಾಟಿ, ಯಾರ ಕೈಯನ್ನೂ ಹಿಡಿಯದೆ, ಆ ತಣ್ಣನೆಯ ಕಲ್ಲಿನ ಮೇಲೆ ಟಪ್ ಟಪ್ ಎಂದು ಬಾಗಿಲಿನಿಂದ ಕಿಟಕಿಯವರೆಗೆ ನೇರವಾಗಿ ನಡೆದುಹೋಗಿ, ಆ ಮಗುವಿನ ಮುಂದೆ ನಿಂತು ಬೆರಳು ತೋರಿಸಿದಳು.

ಆ ಮಗುವೂ ಕಳಚಿತು. ಕೋಣೆಯಲ್ಲಿ ಶೂ ಹಾಕಿಕೊಂಡು ನಿಂತವಳು ಈಗ ಅವಳೊಬ್ಬಳೇ.

ಹೆಂಡತಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ನಾನೂ ಸರಿಯಾಗಿ ನೋಡುವ ಸ್ಥಿತಿಯಲ್ಲಿರಲಿಲ್ಲ. ದೀದಿ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು, ಚಳಿಗೆ ಕಾಲು ಬದಲಾಯಿಸುತ್ತ, ರಿಜಿಸ್ಟರಿನಲ್ಲಿ ಪುಟ್ಟಿಯ ಉದ್ದನೆಯ ಹೆಸರು ಬರೆದುಕೊಂಡರು. ಪ್ರವೇಶ ಎಂಬ ಕಡೆ ಟಿಕ್ ಹಾಕಿದರು. ಕೊನೆಯಲ್ಲಿ ಷರಾ ಎಂದೊಂದು ಅಂಕಣ ಇತ್ತು. ಸ್ವಲ್ಪ ಯೋಚಿಸಿ ಅದರಲ್ಲಿ ಬರೆದರು:

"ಮಗು ಶೂ ಹಾಕಿಕೊಂಡು ನಡೆಯುತ್ತದೆ. ಬೇರೆಯವರಿಗೆ ಬಿಡುವುದಿಲ್ಲ."